ಗುಣಮಟ್ಟ ನೋಡಲು ಹೊರಟ ನಾವು

ಬೇರೆಯವರ ಕೆಲಸದಲ್ಲಿ ಕೊರತೆ ಹುಡುಕಿ ಸಂಬಳ ತೆಗೆದುಕೊಳ್ಳುವವನಿಗೆ ಸ್ವಂತ ಎಡವಟ್ಟುಗಳಿಗೆ ಮಾತ್ರ ಯಾವತ್ತೂ ಕೊರತೆಯಾಗುವುದಿಲ್ಲ. ಬಹ್ರೇನಿನ ರಾಜಧಾನಿ ಮನಾಮಾದ ನಮ್ಮ ಆಫೀಸಿನ ಕೆಲಸ ಅಂಥದ್ದು. ಆಫ್ರಿಕಾದ ವಿಶ್ವವಿದ್ಯಾಲಯಗಳಲ್ಲಿ ಪಾಠ, ಪರೀಕ್ಷೆ, ಲ್ಯಾಬು ಎಲ್ಲ ಸರಿಯಾಗಿದೆಯೇ ಎಂದು ನೋಡಲು ಹಲವು ದೇಶಗಳ ತಜ್ಞರನ್ನು ಒಟ್ಟು ಸೇರಿಸುವುದು, ಅವರು ಹೇಳಿದ್ದನ್ನು ವರದಿ ಮಾಡಿ ಕಳಿಸುವುದು. ವರದಿ ತಯಾರಿಸುವವನು ನಾನು. ಇಲ್ಲಿ ಹೇಳುವುದೆಲ್ಲ ಒಂದೇ ವಿಶ್ವವಿದ್ಯಾಲಯದ್ದು, ಪೂರ್ವ ಆಫ್ರಿಕಾದ ಒಂದು ಗುಡ್ಡಗಾಡು ದೇಶದ್ದು. ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ, ಸ್ವಲ್ಪ ತಡವಾಗಿ.

ಬೋರ್ಡು ಹಿಡಿದವನು

ಇಲ್ಲಿ ನಡೆದ ಮೊದಲ ತರಬೇತಿಗೆ ಆ ವಿಶ್ವವಿದ್ಯಾಲಯದ ಗುಣಮಟ್ಟ ವಿಭಾಗದ ಪ್ರೊಫೆಸರ್ ಬರುವವರಿದ್ದರು. ಹೆಸರಿನ ಬೋರ್ಡು ಹಿಡಿದು ಏರ್‌ಪೋರ್ಟಿನಲ್ಲಿ ನಿಂತೆ. ಕೋಟು ಹಾಕಿದ ಗಂಡಸರು ಕಂಡಾಗಲೆಲ್ಲ ಬೋರ್ಡು ಮೇಲೆತ್ತಿದೆ. ಅಷ್ಟರಲ್ಲಿ ಹೂವಿನ ಉದ್ದ ಗೌನು ತೊಟ್ಟ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದ ವಯಸ್ಸಾದ ಹೆಂಗಸೊಬ್ಬರು ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದರು. ಯಾರದೋ ಮನೆಕೆಲಸಕ್ಕೆ ಬಂದವರಿರಬೇಕು ಎಂದುಕೊಂಡು, ಬಸ್ಸು ಹೊರಗೆ ಸಿಗುತ್ತದೆ ಎಂದು ನಾನೇ ದಾರಿ ತೋರಿಸಿದೆ. ಅವರು ಥ್ಯಾಂಕ್ಸ್ ಹೇಳಿ ಎದುರಿನ ಬೆಂಚಿನಲ್ಲಿ ಕುಳಿತರು.

ಮುಕ್ಕಾಲು ಗಂಟೆಯಲ್ಲಿ ಜನವೆಲ್ಲ ಖಾಲಿಯಾಯಿತು. ಉಳಿದದ್ದು ನಾನು ಮತ್ತು ಅವರು. ಆಗ ಎದ್ದು ಬಂದರು.

"ಬೋರ್ಡಿನಲ್ಲಿ ನನ್ನ ಹೆಸರು ಒಂದಕ್ಷರ ತಪ್ಪಿಲ್ಲದೆ ಬರೆದಿದ್ದೀರಿ. ಅದಕ್ಕೆ ಪೂರ್ತಿ ಮಾರ್ಕು," ಎಂದರು.

ಹೋಟೆಲು ಮುಟ್ಟುವವರೆಗೆ ಕಾರಿನ ಕನ್ನಡಿ ನೋಡುವ ಧೈರ್ಯ ನನಗೆ ಬರಲಿಲ್ಲ. ಲೇನು ಬದಲಿಸುವಾಗ ಕೂಡ.

ಸ್ವೆಟರು ಮತ್ತು ಏಸಿ

ನಮ್ಮ ಪ್ರಶ್ನಾವಳಿ ತಯಾರಾದದ್ದು ಬಹ್ರೇನಿನ ಜುಲೈ ತಿಂಗಳಲ್ಲಿ. ಹಾಗಾಗಿ ಅದರಲ್ಲಿ, ತರಗತಿಗಳಿಗೆ ಏಸಿ ಇದೆಯೇ ಎಂಬ ಪ್ರಶ್ನೆಯೂ ಇತ್ತು. ನಮ್ಮ ಮಕ್ಕಳು ಸ್ವೆಟರು ಹಾಕಿಕೊಂಡೇ ಪಾಠ ಕೇಳುವುದು ಎಂದು ಪ್ರೊಫೆಸರ್ ಬರೆದು ಕಳಿಸಿದರು. ಆ ಪ್ರಶ್ನೆಯನ್ನೇ ತೆಗೆದುಬಿಡೋಣ ಎಂದು ನಾನು ತಜ್ಞರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಫಾರ್ಮಿನಲ್ಲಿ ಇದ್ದದ್ದು 'ಹೌದು', 'ಇಲ್ಲ' ಎರಡೇ. 'ಇಲ್ಲ' ಎಂದು ಗುರುತು ಹಾಕಿದೆ; ವರದಿಯಲ್ಲಿ ಅದು ಕೊರತೆಗಳ ಪಟ್ಟಿಗೆ ಸೇರಿತು.

ಮರುವರ್ಷ ಅವರಿಂದ ಒಂದು ಫೋಟೋ ಬಂತು. ಸೆಮಿನಾರ್ ಹಾಲಿನ ಗೋಡೆಯಲ್ಲಿ ಹೊಸ ಏಸಿ, ಅದರ ಕೆಳಗೆ ಉಣ್ಣೆ ಟೊಪ್ಪಿ ಹಾಕಿಕೊಂಡು ಮುದುಡಿ ಕುಳಿತ ಮಕ್ಕಳು. ಆ ವರ್ಷ ಬರಬೇಕಿದ್ದ ಮೈಕ್ರೋಸ್ಕೋಪು ಏಸಿಯಿಂದಾಗಿ ಮುಂದಕ್ಕೆ ಹೋಗಿತ್ತು. ತಪ್ಪು ನನ್ನದೇ ಎಂದು ಫೋನು ಮಾಡಿ ಒಪ್ಪಿಕೊಂಡೆ. ಏಸಿ ಉಪಯೋಗಕ್ಕಾದರೂ ಬರುತ್ತಿದೆಯೇ ಎಂದು ಕೇಳಿದೆ.

"ಬರುತ್ತಿದೆ," ಎಂದರು ಪ್ರೊಫೆಸರ್. "ಹೋಂವರ್ಕ್ ಮಾಡದವರನ್ನು ಅದರ ಕೆಳಗೆ ಕೂರಿಸುತ್ತೇವೆ."

ಏಳನೇ ಶಿಫಾರಸು

ಪ್ರೊಫೆಸರ್ ಅವರ ವಿಶ್ವವಿದ್ಯಾಲಯದ ನರ್ಸಿಂಗ್ ವಿಭಾಗದ ವರದಿಯನ್ನು ಅವಸರದಲ್ಲಿ ಮುಗಿಸಬೇಕಿತ್ತು. ಕಡಲ ತೀರದ ಇನ್ನೊಂದು ವಿಶ್ವವಿದ್ಯಾಲಯದ ಹಳೆಯ ವರದಿ ತೆರೆದು, ಹೆಸರು ಬದಲಿಸುತ್ತಾ ಹೋದೆ. ಒಂದು ಸಾಲು ಹಾಗೇ ಉಳಿಯಿತು: ಏಳನೇ ಶಿಫಾರಸು, ವಿಭಾಗದ ದೋಣಿ ಕಟ್ಟುವ ಜೆಟ್ಟಿಯನ್ನು ಕೂಡಲೇ ದುರಸ್ತಿ ಮಾಡಬೇಕು. ಮೂರು ದೇಶಗಳ ಮೂವರು ತಜ್ಞರು ಅದಕ್ಕೆ ಸಹಿ ಹಾಕಿದರು. ಪ್ರೊಫೆಸರ್ ಅವರ ದೇಶಕ್ಕೋ ಯಾವ ದಿಕ್ಕಿನಲ್ಲೂ ಸಮುದ್ರವೇ ಇಲ್ಲ.

ಅಲ್ಲಿಯ ಸಚಿವಾಲಯ ಓದಿದ್ದು ಶಿಫಾರಸುಗಳ ಸಂಖ್ಯೆಯನ್ನು ಮಾತ್ರ. ಎಲ್ಲವೂ ಪೂರೈಸುವ ತನಕ ನರ್ಸಿಂಗ್ ಮುಗಿಸಿದ ಹುಡುಗಿಯರಿಗೆ ಸರ್ಟಿಫಿಕೇಟು ಕೊಡುವಂತಿಲ್ಲ ಎಂದುಬಿಟ್ಟಿತು. ಪ್ರೊಫೆಸರ್ ಫೋನು ಮಾಡಿದರು. "ಜೆಟ್ಟಿ ಕಟ್ಟಲು ನಮ್ಮ ಹುಡುಗಿಯರು ತಯಾರಿದ್ದಾರೆ. ಸಮುದ್ರ ನೀವು ಕಳಿಸುತ್ತೀರಾ?" ಎಂದರು. ನಗಲು ಹೋದೆ. ಆಗ ಮೆಲ್ಲನೆ ಹೇಳಿದರು, ಒಬ್ಬಳಿಗೆ ಅವಳ ಊರಿನ ಆಸ್ಪತ್ರೆಯಲ್ಲೇ ಕೆಲಸ ಖಾತ್ರಿಯಾಗಿತ್ತಂತೆ. ಸರ್ಟಿಫಿಕೇಟು ಇಲ್ಲದೆ ಅದು ಬೇರೆಯವಳಿಗೆ ಹೋಯಿತಂತೆ.

ಶುಕ್ರವಾರ ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲಾಟಿನಲ್ಲಿ ಊಟಕ್ಕೆ ಕೂತಾಗ ಇದನ್ನು ಹೆಂಡತಿಗೆ ಹೇಳಿದೆ. ಅವಳು ಇಲ್ಲಿ ನರ್ಸು. ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

"ನೀವು ಬರೆದದ್ದನ್ನು ನೀವೇ ಒಮ್ಮೆ ಓದ್ಲಿಕ್ಕೆ ಆಗ್ಲಿಲ್ವಾ? ಸರ್ಟಿಫಿಕೇಟಿಗೆ ಕಾಯುವುದು ಏನಂತ ನಂಗೆ ಗೊತ್ತುಂಟು."

ಕೈ ತೊಳೆದು ಬಂದು, ವರದಿ ತೆರೆದು ಮೊದಲಿನಿಂದ ಓದಲು ಕೂತೆ.

ತಿದ್ದಿದ ವರದಿ ಕಳಿಸಿದರೂ ಸಚಿವಾಲಯ ಒಪ್ಪಲಿಲ್ಲ. ಏಳನೆಯದು ಯಾಕೆ ಅನ್ವಯಿಸುವುದಿಲ್ಲ ಎಂದು ನಮ್ಮ ಆಫೀಸೇ ಬರೆದುಕೊಡಬೇಕಂತೆ. ಕೊನೆಗೆ ಆ ಪತ್ರದಿಂದಲೇ ಹುಡುಗಿಯರಿಗೆ ಸರ್ಟಿಫಿಕೇಟು ಸಿಕ್ಕಿತು; ಆದರೆ ಅಷ್ಟರಲ್ಲಿ ಐದು ತಿಂಗಳು ಕಳೆದಿತ್ತು, ಊರಿನ ಆಸ್ಪತ್ರೆಯ ಕೆಲಸ ತಿರುಗಿ ಬರಲಿಲ್ಲ. ಆ ಹುಡುಗಿಯ ಹೆಸರು ಕೇಳಲು ನನಗೆ ಇನ್ನೂ ಮುಖವಿಲ್ಲ.

ಆ ಪತ್ರ ಬರೆದ ದಿನದ ಮಾತು: ಮಲ್ಪೆಯ ಕಡಲ ಬದಿಯಲ್ಲಿ ಹುಟ್ಟಿ, ದ್ವೀಪದಲ್ಲಿ ಸಂಸಾರ ಹೂಡಿದ ನಾನು, ಆ ದೇಶದಲ್ಲಿ ಸಮುದ್ರವಿಲ್ಲ ಎಂದು ಆಫೀಸಿನ ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿದೆ. ಸಹಿಗೆ ನಮ್ಮ ಮುದೀರ್, ಅಂದರೆ ಮ್ಯಾನೇಜರ ಮುಂದಿಟ್ಟೆ. ವರದಿಯನ್ನು ತೆರೆದೂ ನೋಡದ ಮನುಷ್ಯ ಈ ನಾಲ್ಕು ಸಾಲನ್ನು ಎರಡು ಸಲ ಓದಿದರು. ಪೆನ್ನು ತೆಗೆದರು, ಮತ್ತೆ ಕೆಳಗಿಟ್ಟರು.

"ಎಲ್ಲ ಸರಿಯಾಗಿದೆ," ಎಂದರು. "ಸಮುದ್ರ ಇಲ್ಲದ್ದರ ಫೋಟೋ ಎಲ್ಲಿ?"