ಸದ್ದಿಲ್ಲದ ಕಾರಿನಲ್ಲಿ ಸೊಲ್ಲಾಪುರಕ್ಕೆ

ನಮ್ಮ ಮನೆಗೆ ಹೈಬ್ರಿಡ್ ಕಾರು ಬಂದ ದಿನದಿಂದ ಏನಾದರೊಂದು ನಡೆಯುತ್ತಲೇ ಇದೆ. ಒಂದನ್ನು ಹೇಳಿ ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ.

ನಾನು ಹಿಂದೆಂದೂ ಏನನ್ನೂ ಬರೆದವಳಲ್ಲ. ಯಾರಿಗೂ ಗೊಂದಲ ಆಗಬಾರದೆಂದು ಮೊದಲೇ ಕೆಲವು ವಿಷಯ ಹೇಳಿಬಿಡುತ್ತೇನೆ. ಮನೆ ಕೊಟ್ಟೂರಿನಲ್ಲಿ. ಹಗರಿಬೊಮ್ಮನಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹೈಬ್ರಿಡ್ ಎಂದರೆ ಪೆಟ್ರೋಲ್ ಇಂಜಿನ್ನೂ ಬ್ಯಾಟರಿಯೂ ಎರಡೂ ಇರುವ ಕಾರು. ಮೆಲ್ಲಗೆ ಹೋಗುವಾಗ ಹೆಚ್ಚಾಗಿ ಬ್ಯಾಟರಿ ಎಳೆಯುತ್ತದೆ, ಜೋರಾಗಿ ಹೋಗುವಾಗ ಇಂಜಿನ್. ನನ್ನ ಕಾರಿಗೆ ವೈರು ಸಿಕ್ಕಿಸಿ ಚಾರ್ಜ್ ಮಾಡುವುದಿಲ್ಲ. ಕ್ಲಚ್ಚೂ ಇಲ್ಲ, ಆದ್ದರಿಂದ ಎಡಗಾಲಿಗೆ ಕೆಲಸವಿಲ್ಲ.

ಇನ್ನು ಮಾವ, ಅಂದರೆ ನನ್ನ ಗಂಡನ ತಂದೆ. ಮೂವತ್ತು ವರ್ಷ ಲಾರಿ ಓಡಿಸಿದವರು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಸೊಲ್ಲಾಪುರದಲ್ಲಿರುವ ತಮ್ಮ ಅಕ್ಕನನ್ನು ನೋಡಿ ಅವರಿಗೆ ಆರು ವರ್ಷವಾಗಿತ್ತು. ಸೊಂಟನೋವು, ಬಸ್ಸಿನಲ್ಲಿ ಕೂರಲು ಆಗದು. ನಾನು ಕಾರಿನಲ್ಲಿ ಕರೆದೊಯ್ಯುತ್ತೇನೆ ಎಂದರೆ, "ಇದು ಸಂತಿಗೆ ಹೋಗಾಕ ಸರಿ ಐತಿ. ಹೈವೇಕ ನಡಿಯಂಗಿಲ್ಲ" ಎನ್ನುತ್ತಿದ್ದರು. ಅಕ್ಕನ ಮುಖ ನೋಡುವುದು ಅಷ್ಟಕ್ಕೇ ನಿಂತಿತ್ತು.

೧. ತಳ್ಳುವವರು

ಮೊದಲ ದಿನ ಮಾವ ಪರೀಕ್ಷೆಗೆಂದು ಪಕ್ಕದಲ್ಲಿ ಕೂತರು. ನಾನು ಬಟನ್ ಒತ್ತಿದೆ. ಸದ್ದೇನೂ ಬರಲಿಲ್ಲ. ಬರಬಾರದು, ಅದು ಸರಿಯೇ.

"ಸ್ಟಾರ್ಟ್ ಮಾಡವ್ವ."

"ಆಗೈತ್ರಿ ಮಾವ."

"ಎಲ್ಲಿ ಆಗೈತಿ?" ಎಂದು ಇಳಿದೇಬಿಟ್ಟರು. ಎದುರಿನ ಚಾದಂಗಡಿಯಿಂದ ಇಬ್ಬರನ್ನು ಕರೆದರು. ನಾನು ಬೇಡವೆನ್ನುವಷ್ಟರಲ್ಲಿ ಅವರು ಹಿಂದಿನಿಂದ ತಳ್ಳತೊಡಗಿದ್ದರು. ನಾನು ಮೆತ್ತಗೆ ಆಕ್ಸಿಲರೇಟರ್ ಒತ್ತಿದೆ, ಕಾರು ಹೊರಟಿತು. ಒಬ್ಬ ಬೆವರು ಒರೆಸಿಕೊಂಡು ಕಿಟಕಿಯವರೆಗೆ ಓಡಿಬಂದ.

"ಮೇಡಂ, ದಾರ್ಯಾಗ ಎಲ್ಲೂ ಬಂದ್ ಮಾಡಬ್ಯಾಡ್ರಿ. ಅಲ್ಲಿ ನಾವಿರಂಗಿಲ್ಲ!"

೨. ಮುಂದೆ ನಡೆಯುವ ಇಂಜಿನ್

ಎರಡನೇ ಪರೀಕ್ಷೆ ಗುಡೇಕೋಟೆಯ ದಾರಿಯಲ್ಲಿ. ರಸ್ತೆ ತುಂಬ ಕುರಿಗಳು. ಬೇರೆ ಗಾಡಿಯಾದರೆ ಸದ್ದಿಗೇ ಸರಿಯುತ್ತವೆ. ನನ್ನ ಕಾರು ಹಿಂದೆಯೇ ಬಂದು ನಿಂತರೂ ಒಂದು ಕುರಿಯೂ ತಿರುಗಲಿಲ್ಲ. ಹಾರ್ನ್ ಹೊಡೆಯಲು ಮಾವ ಬಿಡಲಿಲ್ಲ. ಗಾಬರಿಯಾದ ಮರಿಗಳು ಗಾಲಿಗೇ ನುಗ್ಗುತ್ತವೆ ಎಂಬುದು ಅವರ ಅನುಭವ.

ಅವರೇ ಇಳಿದು, ಸೊಂಟ ಹಿಡಿದುಕೊಂಡು ಕಾರಿನ ಮುಂದೆ ನಡೆಯುತ್ತ, "ಡುರ್‌ರ್‌ರ್... ಡುರ್‌ರ್‌ರ್..." ಎಂದು ಲಾರಿಯ ಸದ್ದು ಮಾಡಿದರು. ಎಂಥ ಸದ್ದು ಅಂತೀರಿ! ಗೇರ್ ಬದಲಾಯಿಸಿದ್ದೂ ಕೇಳಿಸಿತು. ಕುರಿಗಳು ಗೌರವದಿಂದ ದಾರಿ ಬಿಟ್ಟವು.

ಕುರಿ ಕಾಯುವ ಹಿರಿಯರು ಕೋಲೂರಿ ನಿಂತು ನೋಡಿದರು. "ಯಜಮಾನ್ರ, ಇಂಜಿನ್ನು ಮುಂದ ನಡಕೊಂಡು ಹೋಗಿ, ಗಾಡಿ ಹಿಂದ ಬರೋದನ್ನ ಇವತ್ತ ನೋಡಿದೆ ನೋಡ್ರಿ!"

೩. ತುಂಬುವ ಬ್ರೇಕು

ಇಷ್ಟಾದ ಮೇಲೆ ಮಾವ ಬರುವುದಿಲ್ಲವೆಂದೇ ಫೋನಿನಲ್ಲಿ ಅಕ್ಕನಿಗೆ ಹೇಳಿದರು. ಅತ್ತ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. "ನೀ ಬರಬ್ಯಾಡ ಬಿಡಲೇ. ನಿನ್ನ ಸೊಸಿಗೆ ಧೈರ್ಯ ಐತಿ, ಅಕಿ ಬರ್ಲಿ. ನಿಂದೊಂದು ಫೋಟೋ ಕೊಟ್ಟು ಕಳಸು."

ಮರುದಿನ ಬೆಳಿಗ್ಗೆ ಮಾವ ನನಗಿಂತ ಮೊದಲು ಕಾರಿನಲ್ಲಿ ಕೂತಿದ್ದರು.

ಕೂಡ್ಲಿಗಿ ದಾಟಿ ಹೈವೇ ಹಿಡಿದೆವು. ಇಂಜಿನ್ ಸದ್ದು ಕೇಳಿದ ಕೂಡಲೇ ಅವರ ಮುಖ ಅರಳಿತು. ಹೊಸಪೇಟೆಯ ಹತ್ತಿರ ಇಳಿಜಾರು ಬಂದಾಗ, ಬ್ರೇಕ್ ಹಾಕಿದರೆ ಬ್ಯಾಟರಿ ತುಂಬುತ್ತದೆ ಎಂದು ವಿವರಿಸಿದೆ. ಹೈವೇಯಲ್ಲಿ ಬ್ರೇಕು ಕಡಿಮೆ, ಇಂಜಿನ್ನಿಗೇ ಹೆಚ್ಚು ಕೆಲಸ, ಆದ್ದರಿಂದ ಊರಿನೊಳಗೆ ಆಗುವಷ್ಟು ಪೆಟ್ರೋಲ್ ಉಳಿತಾಯ ಇಲ್ಲಿ ಆಗದು ಎಂಬುದನ್ನೂ ಮುಚ್ಚಿಡಲಿಲ್ಲ.

ಮಾವ ಯೋಚಿಸಿದರು. "ಅಂದ್ರ ನಿಂದ್ರಿಸಿದ್ರ ತುಂಬತೈತಿ, ದುಡಿಸಿದ್ರ ಖಾಲಿ ಆಕ್ಕೈತಿ?"

"ಹೂಂ ಮಾವ."

"ಸರಕಾರಿ ನೌಕರಿ ಇದ್ದಂಗ ಐತಿ. ಅದಕ್ಕ ನಿನಗ ಹೊಂದಿಕೊಂಡೈತಿ."

೪. ಎಡಗಾಲು

ಇಳಕಲ್ ದಾಟಿದ ಮೇಲೆ ಮಾವ ನಿದ್ದೆಹೋದರು. ಬೇರೆಯವರು ಓಡಿಸುವ ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಯಾವ ಪರೀಕ್ಷೆ ಪಾಸಾದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಆದರೆ ಹಂಪ್ ಬಂದರೆ, ಲಾರಿಯನ್ನು ಹಿಂದಿಕ್ಕಿದರೆ, ನಿದ್ದೆಯಲ್ಲೂ ಅವರ ಎಡಗಾಲು ಮ್ಯಾಟನ್ನು ಗಟ್ಟಿಯಾಗಿ ಒತ್ತುತ್ತಿತ್ತು.

ಸೊಲ್ಲಾಪುರ ಬಂತು. ಅಕ್ಕ ಬಾಗಿಲಲ್ಲೇ ನಿಂತಿದ್ದರು. ತಮ್ಮನ ಎರಡೂ ಕೆನ್ನೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಕುಂಟಾಕತ್ತೀಯಲ್ಲೋ, ಯಾಕ?"

ಮಾವ ನನ್ನ ಕಡೆ ನೋಡದೆ ಹೇಳಿದರು. "ಸ್ಟೇರಿಂಗ್ ಅಕಿ ಹಿಡಿದ್ಲು. ಕೊಟ್ಟೂರಿಂದ ಇಲ್ಲೀತನ ಕ್ಲಚ್ ಪೂರಾ ನಂದ ನೋಡಕ್ಕ."

"ಅಯ್ಯ ಪಾಪ!" ಎಂದು ಅಕ್ಕ ಎಣ್ಣೆ ಬಿಸಿಮಾಡಿ ತಂದು ಆ ಎಡಗಾಲನ್ನು ತಿಕ್ಕಿದರು. ಕ್ಲಚ್ ಇಲ್ಲವೆಂದು ಎಲ್ಲರಿಗೂ ವಿವರಿಸುವ ನಾನು, ಆ ಒಂದು ಸಲ ಬಾಯಿ ಮುಚ್ಚಿಕೊಂಡಿದ್ದೆ.

ಮೂರು ದಿನದ ನಂತರ ಹೊರಟೆವು. ಅಕ್ಕ ಕಿಟಕಿಯಲ್ಲಿ ಬಗ್ಗಿ, "ಮತ್ತ ಯಾವಾಗ ಬರ್ತೀಯಲೇ?" ಎಂದರು.

"ದೀಪಾವಳಿಗೆ. ಹೈವೇಕ ಚಲೋ ಗಾಡಿ ಇದು" ಎಂದ ಮಾವ, ಎಡಗಾಲನ್ನು ಮ್ಯಾಟಿನ ಮೇಲೆ ಊರಿ ನನ್ನ ಕಡೆ ತಿರುಗಿದರು.

"ಹೂಂ ಯವ್ವಾ, ಕ್ಲಚ್ ಒತ್ತೀನಿ. ಗೇರ್ ಹಾಕು."