ಮೊಳದುದ್ದ ಕೊಕ್ಕಿನ ಹಕ್ಕಿ

ಹಾನಗಲ್ಲಿನ ಟೇಲರ್ ಉಳಿವೆಪ್ಪನಿಗೆ ಸುಳ್ಳು ಹೇಳುವ ಚಟವಿರಲಿಲ್ಲ. ಆದರೆ ಅವತ್ತು ಅಕ್ಕಿ ಗಿರಣಿಯ ಪರಮೇಶಪ್ಪ ಅಂಗಿ ಒಯ್ಯಲು ಬಂದವನು, ತಾನು ಮೈಸೂರಿನಲ್ಲಿ ನೋಡಿದ ಜಿರಾಫೆಯನ್ನು ವರ್ಣಿಸುತ್ತ ಕೂತುಬಿಟ್ಟ. ಮಾತು ಜಿರಾಫೆಯ ಕುತ್ತಿಗೆಗಿಂತ ಉದ್ದವಾದಾಗ ಉಳಿವೆಪ್ಪನ ತಾಳ್ಮೆ ಹಳೇ ದಾರದಂತೆ ಪಟಕ್ಕನೆ ಹರಿಯಿತು.

“ಅದೇನ್ ಮಹಾ ಬಿಡ್ರಿ ಸಾವ್ಕಾರ್ರ! ಯಲ್ಲಾಪುರದ ಕಾಡಿನ್ಯಾಗ ನಾ ಮೊಳದುದ್ದ ಹಳದಿ ಕೊಕ್ಕಿನ ಹಕ್ಕಿ ನೋಡೇನಿ. ಮುಂದ ಕೊಕ್ಕು ಹೊಕ್ಕೈತಿ, ಹಿಂದ ಹಕ್ಕಿ ಬರತೈತಿ!”

ಯಲ್ಲಾಪುರಕ್ಕೆ ಅವನು ಹೋಗಿದ್ದು ನಿಜ. ಮದುವೆಯೂಟ ಉಂಡು ಮುಂದಿನ ಬಸ್ಸಿಗೇ ಮರಳಿದ್ದ. ಹಕ್ಕಿಯನ್ನು ನೋಡಿದ್ದು ಮಾತ್ರ ಹುಬ್ಬಳ್ಳಿಯ ದಾರದಂಗಡಿಯ ಕ್ಯಾಲೆಂಡರಿನಲ್ಲಿ. ಅದು ಟೂಕನ್, ಅಮೆರಿಕದ ಕಡೆಯ ಮಳೆಕಾಡಿನದು ಎಂದು ಅಂಗಡಿಯವನೇ ಹೇಳಿದ್ದ.

ಪರಮೇಶಪ್ಪ ನಕ್ಕ. “ಹಂಗಾರ ಐತವಾರ ತೋರ್ಸು. ಲಾರಿ ನಂದು. ತೋರ್ಸಲಿಲ್ಲಂದ್ರ ಈ ದೀಪಾವಳಿಗೆ ನಮ್ಮ ಓಣಿಯವರ ಬಟ್ಟಿ ಬ್ಯಾರೆ ಟೇಲರ್‌ಗೆ ಹೊಕ್ಕಾವ, ನೋಡ್ಕೋ.”

ಭಾನುವಾರ ಉಳಿವೆಪ್ಪ ಕಂಬಳಿ ಹೊದ್ದು ನರಳಿದ. ಹೆಂಡತಿ ಸರೋಜವ್ವ ಕಂಬಳಿ ಎಳೆದಳು. “ನಿನ್ನೆ ರಾತ್ರಿ ಐದ ರೊಟ್ಟಿ ಮುರಿಯೂಮುಂದ ಎಲ್ಲಿ ಹೋಗಿತ್ರೀ ಈ ಜ್ವರ? ಏಳ್ರಿ, ನಾ ಹೊಸಾ ಸೀರಿ ಉಟ್ಟೇನಿ.”

ಲಾರಿಯಲ್ಲಿ ಇಡೀ ಓಣಿಯೇ ತುಂಬಿತ್ತು. ಒಬ್ಬನ ಟ್ರಾನ್ಸಿಸ್ಟರ್, ಇನ್ನೊಬ್ಬನ ತಾಳ, ಇವೆರಡರ ಮೇಲೆ ಡ್ರೈವರ್ ಖಲಂದರನ ಹಾರ್ನ್. ಯಲ್ಲಾಪುರ ದಾಟಿ ದಟ್ಟ ಕಾಡಿನಲ್ಲಿ ಲಾರಿ ನಿಂತಾಗ ಉಳಿವೆಪ್ಪನಿಗೆ ಹೋದ ಜೀವ ಬಂತು. ಈ ಗದ್ದಲಕ್ಕೆ ಹಕ್ಕಿಯಿರಲಿ, ಸೊಳ್ಳೆಯೂ ಹತ್ತಿರ ಸುಳಿಯುವಂತಿರಲಿಲ್ಲ.

“ಬಾಯಿ ಮುಚ್ಚಿದ್ರಷ್ಟ ಹಕ್ಕಿ ಬರತೈತ್ರೀ!” ಎಂದು ಅವನು ಗದರಿದ, ಯಾರೂ ಮುಚ್ಚುವುದಿಲ್ಲವೆಂಬ ಭರವಸೆಯಿಂದ.

ಪರಮೇಶಪ್ಪನ ಹೆಂಡತಿ ಹಾಲವ್ವ ರೊಟ್ಟಿಯ ಗಂಟು ಬಿಚ್ಚಿದಳು. ಮಂಗಗಳು ಬಂದು ಗಂಟನ್ನೇ ಒಯ್ದವು. ಹಸಿದ ಓಣಿ ಒಮ್ಮೆಲೇ ಉಳಿವೆಪ್ಪನತ್ತ ತಿರುಗಿತು. ದಿಕ್ಕು ತೋಚದೆ ಅವನು ಕೊಂಬೆಯತ್ತ ಕೈ ತೋರಿಸಿದ. ಅಲ್ಲಿ ಬೆಕ್ಕಿನಷ್ಟು ದೊಡ್ಡ ಕೆಂಪು ಅಳಿಲೊಂದು ಬಾಲ ಇಳಿಬಿಟ್ಟು ಕೂತಿತ್ತು.

“ಅಳಿಲ ನೋಡಾಕ ನಾ ಡೀಜಲ್ ಸುಟ್ಟೇನೇನು?” ಪರಮೇಶಪ್ಪ ಗುಡುಗಿದ.

“ಒಳಗ ಹೋಗಿ ನೋಡಿ ಬರ್ತೇನ್ರಿ,” ಎಂದು ಉಳಿವೆಪ್ಪ ನುಸುಳಿಕೊಂಡ. ಬಿದಿರು ಮೆಳೆಯ ಹಿಂದೆ ಕೂತು, ಸೋತ ಮೋರೆ ಹೇಗೆ ಹೊತ್ತು ಹೋಗಲಿ ಎಂದು ಯೋಚಿಸುತ್ತಿದ್ದಾಗ ತೊಡೆಗೆ ಜಿಗಣೆ ಕಚ್ಚಿತು. ಧೋತರ ಕೊಡವುತ್ತ ಕುಣಿಯುತ್ತಿದ್ದಂತೆಯೇ ತಲೆಯ ಮೇಲೆ ರೈಲು ಹಾಯ್ದಂಥ ಸಪ್ಪಳ. ಅದರ ಬೆನ್ನಿಗೇ ಜನರ ಚೀರಾಟ. ಹುಲಿಯೇ ಬಂತೆಂದು ಅವನು ಗಟ್ಟಿಯಾಗಿ ಕಣ್ಣು ಮುಚ್ಚಿ ಬಿದಿರನ್ನು ತಬ್ಬಿಕೊಂಡ.

ಸದ್ದಡಗಿದ ಮೇಲೆ ಹೆದರುತ್ತ ಹೊರಬಂದರೆ ಎಲ್ಲರೂ ಬಾಯಿ ತೆರೆದು ಆಕಾಶ ನೋಡುತ್ತಿದ್ದರು. ಆ ಸೀಮೆಯವರು ಮಂಗಟ್ಟೆ ಎನ್ನುವ ದೊಡ್ಡ ಹಕ್ಕಿಯೊಂದು ರೈಲಿನ ಸದ್ದಿನಂತೆ ರೆಕ್ಕೆ ಬಡಿಯುತ್ತ ಲಾರಿಯ ಮೇಲೆ ಚಾಚಿದ ಅತ್ತಿಮರಕ್ಕೆ ಬಂದು, ಹಣ್ಣು ತಿಂದು, ಹಾರಿಹೋಗಿತ್ತು.

“ಉಳಿವೆಪ್ಪಣ್ಣಾ, ನೀ ಹೇಳಿದ್ದು ಭಾಳ ಕಡಿಮಿ ಆತೋ!” ಹಾಲವ್ವ ಕೂಗಿದಳು. “ಹಳದಿ ಕೊಕ್ಕು ಅಷ್ಟ ಅಲ್ಲ, ಅದರ ಮ್ಯಾಲ ಇನ್ನೊಂದು ಕೊಕ್ಕು ಸವಾರಿ ಕುಂತಿತ್ತು!”

ಉಳಿವೆಪ್ಪ ಮೇಲೆ ನೋಡಿದ. ಎಲೆ ಅಲುಗುತ್ತಿತ್ತು, ಅಷ್ಟೇ. ಜನ್ಮದಲ್ಲಿ ಹೇಳಿದ ಅಷ್ಟು ದೊಡ್ಡ ಸುಳ್ಳೂ ನಿಜಕ್ಕಿಂತ ಗಿಡ್ಡದಾಗಿತ್ತು. ಆ ನಿಜವನ್ನು ಓಣಿಗೆ ಓಣಿಯೇ ನೋಡಿತ್ತು, ಅವನೊಬ್ಬನನ್ನು ಬಿಟ್ಟು.

ಪರಮೇಶಪ್ಪ ಅವನ ಕೈ ಹಿಡಿದ. “ತಪ್ಪಾತಪಾ. ಓಣಿಯವರ ಬಟ್ಟಿ ಎಲ್ಲಾ ನಿನಗ. ಮುಂದಿನ ಐತವಾರ ಶಿಗ್ಗಾಂವದಿಂದ ನಮ್ಮ ಬೀಗರು ಬರ್ತಾರ, ಅದರ ಮುಂದಿನ ವಾರ ದುಂಡಸಿಯವರು. ಎಲ್ಲಾರಿಗೂ ನೀನ ತೋರಸ್ಬೇಕು.”

ವಾರವಾರ ಲಾರಿ, ಜಿಗಣೆ, ಮಂಗ! ಆದದ್ದಾಗಲಿ ಎಂದು ಉಳಿವೆಪ್ಪ ಕೈಮುಗಿದು ಬಾಯಿಬಿಟ್ಟ. “ಸಾವ್ಕಾರ್ರ, ದೇವರಾಣಿ ಹೇಳ್ತೇನ್ರಿ, ನಾ ಆ ಹಕ್ಕಿ ಇವತ್ತಿಗೂ ಕಣ್ಣೀಲೆ ಕಂಡಿಲ್ಲ!”

ಓಣಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ಸರೋಜವ್ವ.

“ಬಿಡೋ ಮಾರಾಯಾ,” ಎಂದು ಪರಮೇಶಪ್ಪ ಅವನ ಬೆನ್ನು ತಟ್ಟಿದ, “ನಿನಗ ಸುಳ್ಳು ಹೇಳಾಕ ಬರೂದಿಲ್ಲ.”