ಪರ್ಮಿಟ್ಟು ಬಾರದಿರಲಿ ತಾಯೀ

ಗಂಡ ಪರದೇಶದಲ್ಲಿದ್ದರೆ ಹೆಂಡತಿಗೆ ಬುದ್ಧಿ ಹೇಳುವ ಅಧಿಕಾರ ಇಡೀ ಊರಿಗೆ ಬಂದುಬಿಡುತ್ತದೆ. ಅರವತ್ತರ ದಶಕದ ಮಧುಗಿರಿಯಲ್ಲಿ ನನ್ನ ಪಾಡು ಅದೇ ಆಗಿತ್ತು. ದಿನಕ್ಕೊಂದು ತಮಾಷೆ. ಆಗ ಅಳು ಬರುತ್ತಿತ್ತು, ಈಗ ನಗು ಬರುತ್ತದೆ.

೧. ಪಾಸಾದರೂ ಅಪ್ಪಣೆ

ಮದುವೆಯಾದ ವರ್ಷವೇ ನಮ್ಮವರು ಇಂಜಿನಿಯರಿಂಗ್ ಓದಲು ಜರ್ಮನಿಗೆ ಹೋದರು. ಅಂತೂ ಓದು ಮುಗಿಯಿತು, ಪಾಸಾದರು. ನಾನು ಅವರ ಪಂಚೆಗಳನ್ನೆಲ್ಲ ಒಗೆದು ಮಡಿಸಿಟ್ಟೆ. ಅಷ್ಟರಲ್ಲಿ ಕಾಗದ ಬಂತು. ಅಲ್ಲಿನ ಕಾರ್ಖಾನೆಯೊಂದು ಕೆಲಸ ಕೊಡುತ್ತದಂತೆ. ಆದರೆ ಹೊರದೇಶದವರು ಓದು ಮುಗಿಸಿ ಅಲ್ಲೇ ದುಡಿಯಬೇಕಾದರೆ ಸರ್ಕಾರದ ಪರ್ಮಿಟ್ಟು ಬೇಕಂತೆ. ಸಿಕ್ಕರೆ ಇನ್ನೆರಡು ವರ್ಷ ಅಲ್ಲೇ. ಸಿಗದಿದ್ದರೆ ಮುಂದಿನ ಹಡಗಿಗೆ ಊರಿಗೆ.

"ಪಾಸಾದ ಮ್ಯಾಲೂ ಅಪ್ಪಣೆ ಕೇಳಬೇಕಾ? ಅದೆಂಥಾ ದೇಶವೇ?" ಎಂದರು ಅತ್ತೆ.

ನನಗೆ ಮಾತ್ರ ಆ ದೇಶದ ಮೇಲೆ ಅವತ್ತೇ ಮೊದಲ ಸಲ ಪ್ರೀತಿ ಬಂತು.

೨. ಸಾಹೇಬರಿಗೆ ಚಟ್ನಿಪುಡಿ

ಪಕ್ಕದ ಮನೆಯವರು ತಾಲ್ಲೂಕು ಕಚೇರಿಯ ಶಿರಸ್ತೇದಾರರು. ಯಾವ ದೇಶವಾದರೂ ಕಚೇರಿ ಕಚೇರಿಯೇ, ಬರಿಗೈಲಿ ಹೋದರೆ ಕೆಲಸ ಆಗಲ್ಲ ಎಂದು ಅತ್ತೆಯ ತಲೆಗೆ ತುಂಬಿದರು. ಬಾಳೆಗೊನೆ ಕಳಿಸಿದರೆ ದಾರಿಯಲ್ಲೇ ಕೊಳೆಯುತ್ತದೆ. ಅದಕ್ಕೇ ಚಟ್ನಿಪುಡಿ ಎಂದು ತೀರ್ಮಾನವಾಯಿತು. ಕುಟ್ಟಿದವಳು ನಾನು. ತಿಂದ ಅಧಿಕಾರಿ ಉರಿದುಬಿದ್ದು ಅರ್ಜಿ ಹರಿದು ಹಾಕಲಿ ಅಂತ ಮೆಣಸಿನಕಾಯಿ ಧಾರಾಳವಾಗಿ ಸುರಿದೆ.

ಅಧಿಕಾರಿ ಮುಟ್ಟಲೇ ಇಲ್ಲವಂತೆ. ಬೇಯಿಸಿದ ಆಲೂಗಡ್ಡೆ ಜೊತೆ ನಮ್ಮವರೇ ತಿಂದು, ಕಣ್ಣಲ್ಲಿ ಧಾರಾಕಾರವಾಗಿ ನೀರು ಬಂದು, ನಿನ್ನ ನೆನಪಾಯಿತು ಎಂದು ಬರೆದರು.

೩. ದೇವರೆಲ್ಲ ಆ ಕಡೆ

ಶಿರಾದಿಂದ ಬರುತ್ತಿದ್ದ ಬಳೆಗಾರ ಸಾಬರು ಬಳೆ ತೊಡಿಸುತ್ತಾ, ಫಿಕರ್ ಮಾಡಬ್ಯಾಡ ಕಣಮ್ಮ, ಶುಕ್ರವಾರ ದುವಾ ಮಾಡ್ತೀನಿ, ಪರ್ಮಿಟ್ಟು ಸಿಕ್ಕೇ ಸಿಗ್ತದೆ ಎಂದರು. ಪಾವಗಡದ ಚಿಕ್ಕತ್ತೆ ಶನಿದೇವರಿಗೆ ಎಳ್ಳೆಣ್ಣೆಯ ಹರಕೆ ಹೊತ್ತುಕೊಂಡರು. ಕೊರಟಗೆರೆಯ ನಾದಿನಿ ಸೋಮವಾರ ಒಪ್ಪತ್ತು ಶುರು ಮಾಡಿದಳು. ನಾನು ಎಲ್ಲರಿಗೂ ಹೂಂಗುಟ್ಟಿ ಒಳಗೆ ಬರುತ್ತಿದ್ದೆ. ಒಳಗೆ ನನ್ನ ಮನಸ್ಸು ಹೇಳಿಕೊಳ್ಳೋಕೆ ಒಂದು ಜೀವವೂ ಇರಲಿಲ್ಲ. ಅಷ್ಟೂ ತಾಲ್ಲೂಕಿನ ದೇವರೆಲ್ಲ ಒಂದು ಕಡೆ, ನಾನೊಬ್ಬಳೇ ಒಂದು ಕಡೆ.

೪. ಬಲಕ್ಕೆ ಬಿದ್ದ ಹೂ

ಉಳಿದವಳು ಊರ ಮಾರಮ್ಮ. ಮಂಗಳವಾರ ಅತ್ತೆ ನನ್ನನ್ನು ಹೂ ಕೇಳಲು ಕರೆದುಕೊಂಡು ಹೋದರು. ಮನಸ್ಸಲ್ಲೇ ಬೇಡಿಕೊಂಡು ನಿಲ್ಲಬೇಕು. ತಾಯಿಯ ಬಲಗಡೆಯಿಂದ ಹೂ ಬಿದ್ದರೆ ಕೇಳಿದ್ದು ಆಗುತ್ತದೆ, ಎಡಕ್ಕಾದರೆ ಇಲ್ಲ. ಅತ್ತೆ ಕಣ್ಮುಚ್ಚಿ ಕೈಮುಗಿದರು. ನಾನೂ ಮುಗಿದೆ. ಪರ್ಮಿಟ್ಟು ಬಾರದಿರಲಿ ತಾಯೀ, ಒಬ್ಬಳೇ ಇದ್ದೂ ಇದ್ದೂ ಸಾಕಾಗಿದೆ. ಹೂ ಬಲಕ್ಕೇ ಬಿತ್ತು. ಇಬ್ಬರೂ ಖುಷಿಯಾಗಿ, ಆದರೆ ಒಬ್ಬರ ಮುಖ ಒಬ್ಬರು ನೋಡದೆ, ಮನೆಗೆ ಬಂದೆವು.

ಸ್ವಲ್ಪ ದಿನಕ್ಕೆ ತಂತಿ ಬಂತು. ಪರ್ಮಿಟ್ಟು ಸಿಕ್ಕಿತ್ತು. ಶಿರಸ್ತೇದಾರರು ಅದನ್ನು ಓದಿ ಹೇಳಿ, ಸಕ್ಕರೆ ಹಂಚಿ ಎಂದು ಹೋದರು. ನಾನು ಒಲೆ ಮುಂದೆ ಕೂತು ಅಳತೊಡಗಿದೆ. ತಿರುಗಿ ನೋಡಿದರೆ ಅತ್ತೆಯೂ ಸೆರಗಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾರೆ.

"ನೀವು ಬೇಡಿಕೊಂಡಂಗೇ ಆಯ್ತಲ್ಲ ಅತ್ತೆ, ಯಾಕೆ ಅಳ್ತೀರಿ?"

"ನಾನೆಲ್ಲಿ ಹಂಗೆ ಬೇಡ್ಕಂಡೆ? ಪರ್ಮಿಟ್ಟು ಕೊಡಿಸ್ಬ್ಯಾಡ, ಮಗ ಬಂದ್ಬುಡ್ಲಿ ಅಂತ ಕೇಳಿದ್ದು."

"ನಾನೂ ಅದನ್ನೇ ಕೇಳಿದ್ದು."

ಅತ್ತೆ ಪಕ್ಕದಲ್ಲಿ ಬಂದು ಕೂತು ನನ್ನ ಕಣ್ಣೊರೆಸಿದರು.

"ಹೋಗ್ಲಿ ಬುಡು. ಬಲಕ್ಕೇ ಕೊಟ್ಟಳು, ಪಾಪ, ಅವಳಿಗೂ ಮನಸ್ಸಿತ್ತು. ಆದ್ರೆ ಜರ್ಮನೀಲಿ ಕೆಲಸ ಮಾಡೋಕೆ ಅವಳಿಗೂ ಪರ್ಮಿಟ್ಟು ಬೇಕಲ್ಲ ಕಣೇ!"